ಸೋಯಾ ಬೀಜದ ಚೀಲದ ಮ್ಯಾಲೆ ಬಿತ್ತೋ ಹಂಗಾಮು ಬರೀರಿ

ಸಂಪಾದಕರಿಗೆ ನಮಸ್ಕಾರ್ರಿ,

ಮುಂಗಾರಿಗೆ ತಂದು ಉಳಿದಿದ್ದ ಸೋಯಾಬೀನ್ ಬೀಜಾನ ನಮ್ಮಪ್ಪ ಅಕ್ಟೋಬರ್‌ದಾಗ ಬೋರಿನ ನೀರಿನ ಮ್ಯಾಲೆ ಬಿತ್ತಿದ್ರು, ಬೀಜ ಕೊಟ್ಟ ಅಂಗಡಿಯವ್ರನ್ನ ಕೇಳಿದ್ರ ನೀರಿದ್ರ ಸಾಕು ಯಾವಾಗ ಹಾಕಿದ್ರೂ ಬರ್ತೈತಿ ಅಂದಿದ್ರು. ನಾಟೇನೋ ಚಲೋ ಆತು. ಆದ್ರ ಗಿಡ ಗೇಣುದ್ದ ಆಗೋದ್ರೊಳಗ ನೇರಳೆ ಹೂ ಬಿಟ್ಟು ನಿಂತುಬಿಡ್ತು, ನಾಕೈದು ಕಾಯಿ, ಅವೂ ಮಣ್ಣಿಗೆ ತಾಗ್ಯಾವು, ಕುಡುಗೋಲು ಹಾಕಾಕ ಬರಲಾರ್ದ ಅವ್ವ, ಅಕ್ಕ ಎಲ್ಲಾರೂ ಕುಂತು ಕೈಲೇ ಕಿತ್ರು. ಊರಾಗ ಎಲ್ಲಾರೂ ಖೊಟ್ಟಿ ಬೀಜ ಅಂದ್ರು.

ಬೀಜ ಖೊಟ್ಟಿ ಇರಲಿಲ್ರಿ, ಬಿತ್ತಿದ ಕಾಲ ತಪ್ಪಿತ್ತು. ಸೋಯಾ ರಾತ್ರಿ ಎಷ್ಟು ಉದ್ದ ಐತಿ ಅಂತ ಎಲಿಯಿಂದಾನ ಅಳಿಯೋ ಬೆಳಿ. ಹಗಲು ಉದ್ದ ಇದ್ದಾಗ ಅದರೊಳಗಿನ ಇ1 ಅನ್ನೋ ಜೀನು (ವಂಶವಾಹಿ) ಹೂ ಬಿಡೋದನ್ನ ತಡೀತದ, ಹಗಲು ಸಣ್ಣ ಆದ್ರ ಆ ತಡೆ ಬಿಟ್ಟು ಗಿಡ ಹೂವಿಗೆ ಹೊರಡ್ತದ. ನಮ್ಮ ಕೊಪ್ಪಳದ ಕಡೆ ಜೂನ್‌ದಾಗ ಹಗಲು 13 ತಾಸು, ಡಿಸೆಂಬರ್‌ಗೆ 11 ತಾಸಿನ ಮ್ಯಾಲೆ ಸ್ವಲ್ಪ ಅಷ್ಟೇ. ಅಕ್ಟೋಬರ್‌ದಾಗ ಬಿತ್ತಿದ ಗಿಡಕ್ಕ ಬೆಳಿಯಾಕ ಪುರುಸೊತ್ತೇ ಸಿಗಲಿಲ್ಲ.

ಬ್ರೆಜಿಲ್‌ನವ್ರಿಗೂ ಇದೇ ತೊಂದ್ರಿ ಇತ್ತು, ಭೂಮಧ್ಯರೇಖೆ ಹತ್ರ ವರ್ಷಪೂರ್ತಿ ಹಗಲು 12 ತಾಸಿನ ಆಸುಪಾಸು, ಗಿಡ ಕುಳ್ಳ ಆಗೇ ಹೂ ಬಿಡ್ತಿತ್ತು. ಸಣ್ಣ ಹಗಲಿನಾಗೂ ಹೂವಿಗೆ ಅವಸರ ಮಾಡದ ತಳಿ ಹುಡುಕಿ ಬೆಳೆಸಿದ ಮ್ಯಾಲೇ ಅಲ್ಲಿ ಸೋಯಾ ಹಬ್ಬಿದ್ದು. ಇ1 ಜೀನನ್ನ ಹತ್ತಿಕ್ಕೋ ಜೆ ಅನ್ನೋ ಜೀನು ಕೆಟ್ಟಿದ್ರ ಆ ಹಿಡಿತ ಸಡಿಲಾಗಿ, ಸಣ್ಣ ಹಗಲಿನಾಗೂ ಇ1 ತಡೀತದ, ಹೂ ತಡಾ ಆಕ್ಕತಿ ಅಂತ 2017ರಾಗ ವಿಜ್ಞಾನಿಗಳು ತೋರ್ಸಿದ್ರು. ಜೀನು ಕೆಟ್ಟದ್ದೇ ಅಲ್ಲಿನ ರೈತರಿಗೆ ಒಳ್ಳೇದಾತು ನೋಡ್ರಿ!

ನಮ್ಮಲ್ಲಿ ಭಾಳ ಬಿತ್ತೋ ಜೆಎಸ್ 335 ಅನ್ನೋ ಸೋಯಾ ತಳಿ ಮಧ್ಯಪ್ರದೇಶದಾಗ ತಯಾರಾಗಿದ್ದು, ಅಲ್ಲಿ ಮುಂಗಾರಿನ ಹಗಲು ನಮಗಿಂತ ಉದ್ದ. ಚೀಲದ ಮ್ಯಾಲೆ ತಳಿ ಹೆಸರು, ಮೊಳಕೆ ಪರ್ಸೆಂಟು, ಎಕ್ಸ್‌ಪೈರಿ ಡೇಟು ಎಲ್ಲಾ ಇತ್ತು, ನಮಗ ಬೇಕಾದ ಒಂದು ಮಾತು ಇರಲಿಲ್ಲ. ಈ ಜಿಲ್ಲಾದಾಗ ಯಾವ ತಾರೀಖಿನೊಳಗ ಬಿತ್ತಬೇಕು, ಎಷ್ಟು ದಿನಕ್ಕ ಹೂ ಬಿಡ್ತದ, ಅದನ್ನ ಕನ್ನಡದಾಗ ದಪ್ಪ ಅಕ್ಷರದಾಗ ಬರೀರಿ ಅಂತ ಕೃಷಿ ಇಲಾಖೆಯವ್ರಿಗೆ ನನ್ನ ವಿನಂತಿ. ರಾಯಚೂರು, ಧಾರವಾಡ ಕೃಷಿ ವಿಶ್ವವಿದ್ಯಾಲಯದವ್ರು ನಮ್ಮ ಎರಿ ಹೊಲದಾಗ ಹದಿನೈದು ದಿನಕ್ಕೊಮ್ಮೆ ಬಿತ್ತಿ ತೋರ್ಸಿದ್ರ ರೈತರು ಕಣ್ಣಾರೆ ನೋಡ್ತಾರ. ತಾವೂ ಮೇ ತಿಂಗಳ ಕೃಷಿ ಪುಟದಾಗ ಇದನ್ನ ಹಾಕ್ರಿ, ಬೀಜ ಕೊಳ್ಳಾಕ ಹೋಗೋ ಮೊದಲು ಓದ್ತೀವಿ.

— ಒಬ್ಬ ರೈತನ ಮಗ, ಯಲಬುರ್ಗಾ ತಾಲೂಕು, ಕೊಪ್ಪಳ ಜಿಲ್ಲಾ