ವಿದ್ಯಾರ್ಥಿವೇತನ: ಮಂಜೂರಾದರೂ ಹಣ ಬಾರದೇಕೆ?

ಮಾನ್ಯರೇ,

ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಜಾಲತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿ, ಮಂಜೂರೂ ಆಗಿ, ಹಣ ಮಾತ್ರ ಬಾರದೆ ಅಲೆಯುವ ಮಕ್ಕಳು ಬೆಂಗಳೂರಿನ ಕಾಲೇಜುಗಳಲ್ಲಿದ್ದಾರೆ. ಮುಖ್ಯ ತೊಡಕು ಆಧಾರ್ ಜೋಡಣೆಯದು. ಖಾತೆ ತೆರೆಯುವಾಗ ಆಧಾರ್ ಪ್ರತಿ ಕೊಟ್ಟರೆ ಸಾಲದು. ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಮ್ಯಾಪಿಂಗ್‌ಗೆ, ಅಂದರೆ ಸರ್ಕಾರದ ಹಣ ಬರಬೇಕಾದ ಖಾತೆಯನ್ನು ಆಧಾರ್‌ಗೆ ಜೋಡಿಸಲು, ಬ್ಯಾಂಕಿನಲ್ಲಿ ಪ್ರತ್ಯೇಕ ಒಪ್ಪಿಗೆ ಪತ್ರ ಬರೆದುಕೊಡಬೇಕು. ಎರಡು ಖಾತೆಗಳಿದ್ದರೆ ಕೊನೆಗೆ ಮ್ಯಾಪ್ ಆದದ್ದಕ್ಕೇ ಹಣ ಹೋಗುತ್ತದೆ. ಎಂದೋ ತೆರೆದು ಮರೆತ ಖಾತೆಗೆ ಹಣ ಬಿದ್ದಿರುವುದೂ ಉಂಟು! ಆಧಾರ್ ಜಾಲತಾಣದಲ್ಲಿ ಒಟಿಪಿ ಹಾಕಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ತೆರೆದರೆ ಯಾವ ಬ್ಯಾಂಕು, ಸಕ್ರಿಯವೇ ಎಂಬುದು ಕಾಣುತ್ತದೆ. ಅರ್ಜಿಗೆ ಮೊದಲೇ ಇದನ್ನು ನೋಡಿಕೊಳ್ಳಬೇಕು.

ಇನ್ನು ಹೆಸರು. ಆಧಾರ್‌ನಲ್ಲಿ ‘ಮಂಜುನಾಥ ಕೆ’, ಅಂಕಪಟ್ಟಿಯಲ್ಲಿ ‘ಕೆ ಮಂಜುನಾಥ್’ ಎಂದಿದ್ದರೆ ಅರ್ಜಿ ತೊಡರಬಹುದು. ಆದಾಯ ಪ್ರಮಾಣಪತ್ರದ ಅವಧಿ 5 ವರ್ಷ. ಹೈಸ್ಕೂಲಿನಲ್ಲಿ ಮಾಡಿಸಿದ್ದು ಪದವಿಗೂ ನಡೆಯುತ್ತದೆಂದು ಕೂರದೆ, ನಾಡಕಚೇರಿಯಲ್ಲಿ ಹೊಸದು ಮಾಡಿಸಿ ಅದರ ಮೇಲೆ ನಮೂದಾಗಿರುವ ‘ಆರ್‌ಡಿ’ ಎಂದು ಶುರುವಾಗುವ ಸಂಖ್ಯೆಯನ್ನೇ ಅರ್ಜಿಯಲ್ಲಿ ನಮೂದಿಸಬೇಕು. ಪರಿಶಿಷ್ಟ ಜಾತಿಯವರಿಗೆ ಕೇಂದ್ರ ಯೋಜನೆಯ ಆದಾಯ ಮಿತಿ ವರ್ಷಕ್ಕೆ 2.5 ಲಕ್ಷ ರೂಪಾಯಿ.

ದಾಖಲೆಗಳ ಇ-ದೃಢೀಕರಣ ಕಾಲೇಜಿನ ಕೈಯಲ್ಲಿದೆ. ಕೊನೆಯ ದಿನ ಸರ್ವರ್ ಜಗ್ಗದಿದ್ದಾಗ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸುವ ಬದಲು, ಪ್ರಾಂಶುಪಾಲರು ಪ್ರವೇಶದ ವಾರದಲ್ಲೇ ಇದನ್ನು ಮುಗಿಸಿಕೊಡಲಿ.

— ಕಾಲೇಜು ಸಿಬ್ಬಂದಿ, ಬೆಂಗಳೂರು