‘ಪಾಪ’ ಅನ್ನುವ ಮೊದಲು

ಪ್ರೀತಿಯ ತಂಗಿ,

ಅಮೆರಿಕದ ಪಾಪ್ ಗಾಯಕಿ ಬ್ರಿಟ್ನಿ ಸ್ಪಿಯರ್ಸ್ ಆತ್ಮಕಥೆಯ ಬಗ್ಗೆ ನೀನು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಎರಡನೇ ಸಲ ಪೆನ್ಸಿಲ್ ಹಿಡಿದು ಕೂತೆ. ನಾಲ್ಕು ಪುಟದೊಳಗೆ ‘ಪಾಪ’ ಎಂಬ ಮಾತು ಏಳು ಕಡೆ ಬಂದಿದೆ. ನಿನ್ನ ಮನಸ್ಸು ಮರುಗಿದ್ದು ಸುಳ್ಳಲ್ಲ, ಗೊತ್ತು. ಆದರೂ ಆ ಏಳನ್ನೂ ಹೊಡೆದು ಹಾಕು.

ಆ ಆತ್ಮಕಥೆ ‘ದಿ ವುಮನ್ ಇನ್ ಮಿ’ ಬಂದದ್ದು 2023ರ ಅಕ್ಟೋಬರ್ 24ರಂದು. ಮೊದಲ ವಾರದಲ್ಲೇ ಅಮೆರಿಕದಲ್ಲಿ ಮುದ್ರಿತ, ಇ-ಪುಸ್ತಕ, ಆಡಿಯೊ ಎಲ್ಲ ಸೇರಿ 11 ಲಕ್ಷ ಪ್ರತಿ ಮಾರಾಟವಾದವು. ಆದರೆ ಪುಸ್ತಕ ಅಂಗಡಿಗೆ ಬರುವ ಮೊದಲೇ ಆಯ್ದ ಭಾಗಗಳು ಪತ್ರಿಕೆಯಲ್ಲಿ ಬಂದಿದ್ದವು. ಆಕೆ ತನ್ನ ಹಳೆಯ ಗೆಳೆಯ, ಗಾಯಕ ಜಸ್ಟಿನ್ ಟಿಂಬರ್‌ಲೇಕ್ ಜೊತೆಗಿದ್ದ ಕಾಲದ ಗರ್ಭಪಾತದ ಸಂಗತಿಯನ್ನು ಹಿಡಿದುಕೊಂಡು ಜನ ಎರಡು ಬಣವಾಗಿ ನಿಂತರು. ಆಮೇಲೆ ಆಡಿಯೊ ಪುಸ್ತಕ. ಆ ನೆನಪುಗಳನ್ನು ಮತ್ತೆ ಬಾಯಿಬಿಟ್ಟು ಓದುವುದು ಆಕೆಗೆ ಸಂಕಟವಾದ್ದರಿಂದ ಆರಂಭದ ಸ್ವಲ್ಪ ಭಾಗ ಮಾತ್ರ ತಾನು ಓದಿ, ಉಳಿದದ್ದನ್ನು ನಟಿ ಮಿಶೆಲ್ ವಿಲಿಯಮ್ಸ್‌ಗೆ ಬಿಟ್ಟಳು. ಮಿಶೆಲ್ ಟಿಂಬರ್‌ಲೇಕ್‌ನ ಮಾತಿನ ಧಾಟಿಯನ್ನು ಅನುಕರಿಸಿದ ಒಂದು ತುಣುಕು ಫೋನಿಂದ ಫೋನಿಗೆ ಹಾರಿ, ಎಲ್ಲರೂ ನಕ್ಕರು. ಎಷ್ಟೋ ಜನರ ಪಾಲಿಗೆ ಪುಸ್ತಕ ಅಂದರೆ ಅಷ್ಟೇ ಆಯಿತು.

ಇದರ ರುಚಿ ನನಗೂ ಗೊತ್ತು. ಅಪ್ಪನ ಬಗ್ಗೆ ಹತ್ತು ಪುಟ ಬರೆದಿದ್ದೆ, ಅದರಲ್ಲಿ ಕುಡಿತದ ಮಾತು ಒಂದು ಸಾಲು. ಮದುವೆ ಮನೆಯ ಪಂಕ್ತಿಯಲ್ಲಿ ಕೂತಿದ್ದಾಗ ಪಕ್ಕದ ಎಲೆಯವರು ಕೇಳಿದ್ದು ಆ ಒಂದು ಸಾಲನ್ನೇ. ಅವತ್ತು ಬಡಿಸಿದ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ.

ಈಗ ನೀನು ಹಾರಿಸಿಬಿಟ್ಟ ಸಂಗತಿಗೆ ಬರುತ್ತೇನೆ. 2008ರ ಫೆಬ್ರವರಿಯಿಂದ 2021ರ ನವೆಂಬರ್ 12ರವರೆಗೆ ಬ್ರಿಟ್ನಿ ನ್ಯಾಯಾಲಯ ನೇಮಿಸಿದ ಪಾಲಕತ್ವದಲ್ಲಿದ್ದಳು, ಅಂದರೆ ಆಕೆಯ ಬದುಕು, ದುಡ್ಡಿನ ತೀರ್ಮಾನವೆಲ್ಲ ಬೇರೆಯವರ ಕೈಯಲ್ಲಿ. ಬಹುಪಾಲು ಕಾಲ ಅದರ ಯಜಮಾನಿಕೆ ಆಕೆಯ ಅಪ್ಪನದೇ. ತನ್ನ ದುಡ್ಡು, ತನ್ನ ವೈದ್ಯ, ತನ್ನ ವಕೀಲ, ಯಾವುದೂ ಆಕೆಯ ಇಷ್ಟದ್ದಲ್ಲ. ಅದೇ ಹೊತ್ತಿಗೆ ಆಲ್ಬಮ್‌ಗಳು ಬಂದವು, 2013ರ ಕೊನೆಯಿಂದ ನಾಲ್ಕು ವರ್ಷ ಲಾಸ್ ವೇಗಸ್‌ನಲ್ಲಿ ಕುಣಿದು ಹಾಡಿದಳು. ದುಡಿಯಲು ಗಟ್ಟಿಯಾಗಿದ್ದವಳು ತನ್ನ ಬದುಕಿನ ತೀರ್ಮಾನಕ್ಕೆ ಮಾತ್ರ ಅಸಮರ್ಥೆ! ಇದನ್ನು ಓದುವಾಗ ನನಗೆ ಬಂದದ್ದು ಮರುಕವಲ್ಲ, ಸಿಟ್ಟು.

2021ರ ಜೂನ್ 23ರಂದು ನ್ಯಾಯಾಧೀಶರ ಮುಂದೆ ಆಕೆ ಹೇಳಿದ್ದನ್ನು ಹುಡುಕಿ ಓದು. ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲವೆಂದರೆ, ಜನ ನಗುತ್ತಾರೆ, ಸುಳ್ಳು ಹೇಳುತ್ತಿದ್ದಾಳೆ ಅನ್ನುತ್ತಾರೆ, ಎಲ್ಲ ಇರುವ ಬ್ರಿಟ್ನಿ ಸ್ಪಿಯರ್ಸ್ ತಾನೇ ಅನ್ನುತ್ತಾರೆ ಎಂಬ ಭಯ. ನಮ್ಮ ಮಾತಲ್ಲಿ ಹೇಳುವುದಾದರೆ, ‘ಅವಳಿಗೇನು ಕಮ್ಮಿ?’ ಪುಸ್ತಕ ಬರುವ ಎರಡು ವರ್ಷ ಮೊದಲೇ ಆಕೆಗೆ ತನ್ನ ಓದುಗರು ಗೊತ್ತಿದ್ದರು. ‘ಅವಳಿಗೇನು ಕಮ್ಮಿ’ ಅನ್ನುವವರೂ ‘ಪಾಪ’ ಅನ್ನುವವರೂ ಒಂದೇ ಜಗಲಿಯ ಮೇಲೆ ಕೂತವರು. ಇಬ್ಬರಿಗೂ ಆಕೆ ಹೇಳುವುದು ಮುಗಿಯುವ ತನಕ ತಾಳ್ಮೆಯಿಲ್ಲ. ‘ಪಾಪ, ಅವಳಿಗೆ ತಿಳಿಯೋದಿಲ್ಲ’ ಎಂಬ ಮಾತಿನ ಮೇಲೆಯೇ ಅಲ್ಲವೇ ಆ ಪಾಲಕತ್ವ ಹದಿಮೂರು ವರ್ಷ ನಿಂತದ್ದು?

ತಲೆ ಬೋಳಿಸಿಕೊಂಡ ಪುಟಕ್ಕೆ ಮತ್ತೆ ಹೋಗು. 2007ರ ಆ ಫೋಟೊಗಳನ್ನು ಲೋಕವೇ ನೋಡಿತು, ಹುಚ್ಚು ಎಂದಿತು. ಆಕೆ ಬರೆಯುವುದೇ ಬೇರೆ: ಹದಿಹರೆಯದಿಂದಲೂ ತನ್ನನ್ನು ಮೇಲಿಂದ ಕೆಳಗೆ ಅಳೆಯುತ್ತಿದ್ದ ಕಣ್ಣುಗಳಿಗೆ ಅದು ತಾನು ಕೊಟ್ಟ ಉತ್ತರ. ಪಾಲಕತ್ವ ಬಂದ ಮೇಲೆ ಕೂದಲನ್ನು ಮತ್ತೆ ಬೆಳೆಸಬೇಕಾಯಿತು, ಅದೂ ಅಪ್ಪಣೆಯೇ. ಎಲ್ಲರೂ ನೋಡಿದ್ದ ಒಂದು ಚಿತ್ರದ ಅರ್ಥವನ್ನು ಆಕೆ ತನ್ನ ಕೈಗೆ ತೆಗೆದುಕೊಳ್ಳುತ್ತಾಳೆ. ವಾಕ್ಯಗಳು ಸರಳ, ಅಲಂಕಾರವಿಲ್ಲ. ನೀನು ಅದನ್ನು ‘ಸಪ್ಪೆ’ ಎಂದು ಬರೆದು, ಮರುಕ್ಷಣವೇ ‘ಪಾಪ’ ಎಂದು ಸಮಾಧಾನ ಮಾಡಿದ್ದೀಯ. ನನಗೆ ಆ ಸರಳತೆ ಸಾಕ್ಷಿ ಹೇಳುವವರ ಮಾತಿನಂತೆ ಕೇಳಿಸಿತು.

ತಪ್ಪು ಕಂಡಲ್ಲಿ ಧಾರಾಳವಾಗಿ ಹೇಳು. ಆಕೆಯ ಆಗಿನ ಗಂಡನ ಬಗ್ಗೆ ಪುಸ್ತಕದಲ್ಲಿ ತುಂಬು ಪ್ರೀತಿಯ ಮಾತುಗಳಿವೆ, ಅಚ್ಚಾಗಿ ಕೈಗೆ ಬರುವಷ್ಟರಲ್ಲಿ ಆತ ವಿಚ್ಛೇದನಕ್ಕೆ ಅರ್ಜಿ ಹಾಕಿಯಾಗಿತ್ತು. ಕೊನೆಯ ಭಾಗ ಅವಸರದ್ದು ಎಂದು ನನಗೂ ಅನ್ನಿಸಿತು. ನೀನು ಮರುಕದಿಂದ ಅದನ್ನು ಮುಟ್ಟಲೇ ಇಲ್ಲ. ನನ್ನ ಪುಸ್ತಕಕ್ಕೆ ಯಾರಾದರೂ ಹೀಗೆ ರಿಯಾಯಿತಿ ಕೊಟ್ಟರೆ ನಾನು ನೊಂದುಕೊಳ್ಳುತ್ತೇನೆ.

ಹೊಸ ಕರಡನ್ನು ಆ ಕೂದಲಿನ ಪುಟದಿಂದ ಶುರು ಮಾಡು. 2007ರಲ್ಲಿ ನೀನು ಶಾಲೆಯ ಹುಡುಗಿ, ಆ ಫೋಟೊ ನೋಡಿ ಗೆಳತಿಯರೆಲ್ಲ ನಕ್ಕೆವು ಎಂದು ಒಮ್ಮೆ ಹೇಳಿದ್ದೆಯಲ್ಲ, ಅದನ್ನೂ ಬರೆ. ಹದಿನೈದು ದಿನದಲ್ಲಿ ಕಳಿಸು, ಪೆನ್ಸಿಲ್ ಮೇಜಿನ ಮೇಲೇ ಇರುತ್ತದೆ.

ನಿನ್ನ
ಅಕ್ಕ