ಹಾಸಿಗೆ ಆಮೇಲೆ, ಮೊದಲು ಗೇಟು

ಚಿ. ಸುಮಾಗೆ ದೊಡ್ಡಪ್ಪನ ಆಶೀರ್ವಾದಗಳು.

ನಿಮ್ಮಿಬ್ಬರ ಏಳು ರಾತ್ರಿಯ ಆಫ್ರಿಕಾ ಸಫಾರಿಗೆಂದು ನೀನು ಕಳಿಸಿದ ಎರಡೂ ಕೊಟೇಶನ್ ಓದಿದೆ. ಒಂದರಲ್ಲಿ ಟೆಂಟಿನೊಳಗೇ ಸ್ನಾನದ ತೊಟ್ಟಿ, ಎದುರಿಗೆ ಪುಟ್ಟ ಈಜುಕೊಳ. ಇನ್ನೊಂದರಲ್ಲಿ ‘ಕ್ಯಾಂಪಿಂಗ್’ ಅನ್ನುವ ಒಂದೇ ಪದ. ಬೆಲೆಯ ಅಂತರ ನೋಡಿ ನೀವಿಬ್ಬರೂ ತಲೆ ಕೆಡಿಸಿಕೊಂಡಿರುವುದು ಸಹಜವೇ. ಮಲಗುವ ಜಾಗ ನೋಡಿ ಆರಿಸಬೇಡಿ. ಬೆಳಕು ಹರಿಯುವ ಹೊತ್ತಿಗೆ ನಿಮ್ಮ ಗಾಡಿ ಎಲ್ಲಿರುತ್ತದೆ, ಅದರಲ್ಲಿ ಎಷ್ಟು ಜನ ಕೂತಿರುತ್ತಾರೆ, ಗೈಡಿಗೆ ಕಾಡು ಎಷ್ಟು ಗೊತ್ತು? ದುಡ್ಡು ಹೋಗಬೇಕಾದ್ದು ಈ ಮೂರಕ್ಕೆ.

ಸಿಂಹ, ಚಿರತೆ ಓಡಾಡುವುದು ನಸುಕಿನಲ್ಲಿ, ಮುಸ್ಸಂಜೆಯಲ್ಲಿ. ಬಿಸಿಲೇರಿದ ಮೇಲೆ ನೆರಳು ಹಿಡಿದು ಬಿದ್ದುಕೊಳ್ಳುತ್ತವೆ, ಹುಲ್ಲಿನ ನಡುವೆ ಒಂದು ಕಿವಿ ಕಂಡರೆ ಅದೇ ಪುಣ್ಯ. (ಚೀತಾ ಮಾತ್ರ ಹಗಲು ಬೇಟೆಗಾರ.) ಅಗ್ಗದ ಪ್ಯಾಕೇಜು ಎಡವುವುದು ಇಲ್ಲೇ. ಪಾರ್ಕಿನ ಗೇಟಿನಾಚೆಯ ಊರಿನಲ್ಲಿ ಉಳಿಸುತ್ತಾರೆ. ತಿಂಡಿ, ದಾರಿ, ಗೇಟಿನ ಸಾಲು, ಶುಲ್ಕದ ಕಾಗದಪತ್ರ ಎಲ್ಲ ಮುಗಿಯುವಾಗ ಗಂಟೆ ಎಂಟು. ಹಾಗೆಂದು ಒಳಗಿರುವುದೆಲ್ಲ ದುಬಾರಿ ಎಂದುಕೊಳ್ಳಬೇಡ. ದಕ್ಷಿಣ ಆಫ್ರಿಕಾದ ಕ್ರೂಗರ್‌ನಲ್ಲಿ ನವೆಂಬರ್‌ನಿಂದ ಜನವರಿವರೆಗೆ ಒಳಗಿನ ಸರ್ಕಾರಿ ಕ್ಯಾಂಪುಗಳ ಗೇಟು ಬೆಳಗಿನ 4.30ಕ್ಕೆ ತೆರೆಯುತ್ತದೆ, ಪಾರ್ಕಿನ ಹೊರ ಗೇಟು 5.30ಕ್ಕೆ. ಸಟಾರಾದಂಥ ಸಾಮಾನ್ಯ ಕ್ಯಾಂಪಿನ ಗುಡಿಸಲಲ್ಲಿ ಮಲಗಿದವನು ಗೇಟಿನಾಚೆಯ ಐಷಾರಾಮಿ ಲಾಡ್ಜಿನವನಿಗಿಂತ ಒಂದು ಗಂಟೆ ಮುಂದೆ. ನಮೀಬಿಯಾದ ಎಟೋಶಾ ಪಾರ್ಕಿನಲ್ಲಿ ಒಕಾಕುಯೊ ಕ್ಯಾಂಪಿನ ಪಕ್ಕದಲ್ಲೇ ರಾತ್ರಿ ದೀಪ ಹಾಕಿದ ನೀರಿನ ಹೊಂಡ ಇದೆ. ಘೇಂಡಾಮೃಗ ನೀರಿಗೆ ಬರುವುದನ್ನು ಬೆಂಚಿನ ಮೇಲೆ ಕೂತೇ ನೋಡಬಹುದು.

ಬೆಲೆಗೆ ಒಂದು ತಳ ಇರುತ್ತದೆ ಎಂಬುದೂ ನೆನಪಿರಲಿ. ಡೇರೆಯವನಾದರೂ ಅರಮನೆಯವನಾದರೂ ಪ್ರವೇಶ ಶುಲ್ಕ, ಡೀಸೆಲ್ ತಪ್ಪಿದ್ದಲ್ಲ. ಕೊಟೇಶನ್ ಅದಕ್ಕಿಂತ ಕೆಳಗಿಳಿದರೆ ಎಲ್ಲೋ ಕತ್ತರಿ ಬಿದ್ದಿದೆ: ಶುಲ್ಕ ಸೇರಿಸಿಲ್ಲ, ದಿನಕ್ಕೆ ಇಷ್ಟೇ ಕಿಲೋಮೀಟರು ಎಂದು ಡ್ರೈವರಿಗೆ ಕಟ್ಟಪ್ಪಣೆ ಇದೆ, ಇಲ್ಲವೇ ಸವೆದ ಟೈರಿನ ಗಾಡಿ. ಟಾಂಜಾನಿಯಾದ ಸೆರೆಂಗೆಟಿ ಪಾರ್ಕಿನಲ್ಲಿ ಶುಲ್ಕದ ಲೆಕ್ಕ 24 ಗಂಟೆಗೆ. ಮಧ್ಯಾಹ್ನ ಎರಡಕ್ಕೆ ಒಳಹೊಕ್ಕವರು ಎರಡು ದಿನ ಬಿಟ್ಟು ಮಧ್ಯಾಹ್ನ ಮೂರು ಗಂಟೆಗೆ ಹೊರಬಂದರೆ ಇನ್ನೊಂದು ದಿನದ ಹಣ ತೆರಬೇಕು. ಅದನ್ನು ತಪ್ಪಿಸಲು ಕೊನೆಯ ಬೆಳಗಿನ ಸುತ್ತಾಟ ಅರ್ಧಕ್ಕೇ ಮುಗಿಸಿ ಗೇಟಿಗೆ ಓಡಿಸುವವರಿದ್ದಾರೆ. ಅದೇ ದೇಶದ ಗೋರೊಂಗೊರೊ ಎಂಬ ಹಳೆಯ ಜ್ವಾಲಾಮುಖಿಯ ಕುಳಿಗೆ ಇಳಿಯಲು ಗಾಡಿಗೇ ಬೇರೆ ಶುಲ್ಕ. ಅದು ಸೇರಿದೆಯೇ ಎಂದು ಬರೆಸಿಕೊ. ಆ ಕುಳಿ ಸುಮಾರು 600 ಮೀಟರ್ ಆಳ, ತಳದ ವಿಸ್ತಾರ ಸುಮಾರು 260 ಚದರ ಕಿಲೋಮೀಟರ್. ತಳದಲ್ಲಿ ಯಾರಿಗೂ ರಾತ್ರಿ ಉಳಿಯಲು ಬಿಡುವುದಿಲ್ಲ. ಶ್ರೀಮಂತರೂ ಬೆನ್ನುಚೀಲದವರೂ ಮೇಲಿನಿಂದಲೇ ಇಳಿದು ಅದೇ ಪ್ರಾಣಿಗಳನ್ನು ನೋಡಿ ಸಂಜೆಯೊಳಗೆ ಹತ್ತಿ ಬರಬೇಕು. ಅಲ್ಲಿ ದುಬಾರಿ ಕೋಣೆ ಬೇಡವೇ ಬೇಡ.

ಹಾಗಾದರೆ ದುಬಾರಿಯಲ್ಲಿ ನಿಜಕ್ಕೂ ಸಿಗುವುದೇನು? ನಿಯಮದ ಸಡಿಲಿಕೆ. ಕ್ರೂಗರ್‌ನೊಳಗೆ ರಸ್ತೆ ಬಿಟ್ಟು ಇಳಿಯುವಂತಿಲ್ಲ. ಪಕ್ಕದ ಸಾಬಿ ಸ್ಯಾಂಡ್ ಖಾಸಗಿ ಕಾಡಿಗೂ ಕ್ರೂಗರಿಗೂ ನಡುವಿನ ಬೇಲಿಯನ್ನು 1993ರಲ್ಲಿ ಕಿತ್ತರು, ಆದ್ದರಿಂದ ಎರಡೂ ಕಡೆ ಅವೇ ಪ್ರಾಣಿಗಳು. ಆದರೆ ಸಾಬಿ ಸ್ಯಾಂಡ್‌ನಲ್ಲಿ ಚಿರತೆ ಪೊದೆಗೆ ನುಗ್ಗಿದರೆ ಗಾಡಿಯೂ ಹಿಂದೆ ಹೋಗುತ್ತದೆ, ಕತ್ತಲಾದ ಮೇಲೂ ಸ್ಪಾಟ್‌ಲೈಟ್ ಹಿಡಿದು ಸುತ್ತುತ್ತಾರೆ, ಗಾಡಿಯ ಮೂತಿಯ ಮೇಲಿನ ಸೀಟಿನಲ್ಲಿ ಪ್ರಾಣಿಗಳ ಹೆಜ್ಜೆ ಓದುವವನೊಬ್ಬ ಕೂತಿರುತ್ತಾನೆ. ಕೀನ್ಯಾದ ಮಸಾಯಿ ಮಾರಾ ಮೀಸಲಿನ ಸುತ್ತಲಿನ ಕನ್ಸರ್ವೆನ್ಸಿಗಳಲ್ಲೂ, ಅಂದರೆ ಪ್ರಾಣಿಗಳಿಗೆಂದು ಬಿಟ್ಟ ಖಾಸಗಿ ಜಮೀನುಗಳಲ್ಲೂ, ರಸ್ತೆ ಬಿಟ್ಟು ಹೋಗಲು, ರಾತ್ರಿ ಸುತ್ತಲು ಬಿಡುತ್ತಾರೆ. ಒಂದು ಪ್ರಾಣಿಯ ಹತ್ತಿರ ಇಷ್ಟೇ ಗಾಡಿ ಎಂಬ ಮಿತಿ ಅಲ್ಲಿದೆ. ಮುಖ್ಯ ಮೀಸಲಿನಲ್ಲಿ ವಲಸೆಯ ವಿಲ್ಡ್‌ಬೀಸ್ಟ್ ಹಿಂಡುಗಳು ನದಿ ದಾಟುವ ಕಾಲಕ್ಕೆ ಗಾಡಿಗಳ ಸಂತೆಯೇ ನೆರೆಯುತ್ತದೆ. ಈಜುಕೊಳಕ್ಕೆ, ವೈನಿನ ಪಟ್ಟಿಗೆ ಹಣ ಸುರಿಯುವುದು ದಂಡ, ಮಧ್ಯಾಹ್ನ ಹೇಗೂ ನಿದ್ದೆ ಹೊಡೆಯುತ್ತೀರಿ.

ಗಾಡಿಯ ವಿಷಯಕ್ಕೆ ಬಂದರೆ ಒಂದೇ ಹಟ ಹಿಡಿ: ಪ್ರತಿಯೊಬ್ಬರಿಗೂ ಕಿಟಕಿ ಸೀಟು. ಚಾವಣಿ ಎತ್ತುವ ಲ್ಯಾಂಡ್ ಕ್ರೂಸರಿನಲ್ಲಿ ನಾಲ್ಕೈದು ಜನ ಇದ್ದರೆ ನಿಂತು ನೋಡಲು, ಕ್ಯಾಮೆರಾ ತಿರುಗಿಸಲು ಜಾಗ. ಏಳು ಜನ ತುಂಬಿದ ಮಿನಿವ್ಯಾನಿನಲ್ಲಿ ಪಕ್ಕದವರ ಮೊಣಕೈ ನೋಡುತ್ತಾ ಬರುತ್ತೀರಿ. ಮಿನಿವ್ಯಾನಿಗೆ ಮಳೆಯಲ್ಲಿ ಇನ್ನೊಂದು ಕೇಡು. ಏಪ್ರಿಲ್, ಮೇ ತಿಂಗಳ ಮಳೆಗೆ ಕೀನ್ಯಾ, ಟಾಂಜಾನಿಯಾದ ಎರೆಮಣ್ಣು ಹಿಟ್ಟಿನ ಮುದ್ದೆಯಾಗುತ್ತದೆ, ಫೋರ್ ವೀಲ್ ಡ್ರೈವ್ ಇಲ್ಲದ ಗಾಡಿ ಹೂತರೆ ಅರ್ಧ ದಿನ ಹೋಯಿತು. ಆ ತಿಂಗಳುಗಳ ರಿಯಾಯಿತಿಗೆ ಕಾರಣವೂ ಅದೇ.

ಸರ್ಕಾರಿ ಕ್ಯಾಂಪ್‌ಸೈಟಿಗೆ ಹೆದರಬೇಡ, ಆದರೆ ಶಿಸ್ತು ಬೇಕು. ಸೆರೆಂಗೆಟಿಯ ನಡುವಿನ ಸೆರೊನೆರಾದ ಸುತ್ತಲಿನ ಕ್ಯಾಂಪುಗಳಿಗೆ ಬೇಲಿಯಿಲ್ಲ, ರಾತ್ರಿ ಕತ್ತೆಕಿರುಬ ಬರುತ್ತದೆ. ತಿನ್ನುವ ವಸ್ತು, ಹಲ್ಲುಜ್ಜುವ ಪೇಸ್ಟು ಕೂಡ ಟೆಂಟಿನಲ್ಲಿ ಬೇಡ. ಶೂ ಒಳಗೆ, ಜಿಪ್ ಪೂರ್ತಿ ಮೇಲಕ್ಕೆ. ರಾತ್ರಿ ಹೊರಗೆ ಹೋಗಲೇಬೇಕಾದರೆ ಮೊದಲು ಟಾರ್ಚು ಸುತ್ತ ಬೀರಿ ಹೊಳೆಯುವ ಕಣ್ಣುಗಳಿವೆಯೇ ನೋಡಿ. ನೀಲಿ, ಕಪ್ಪು ಬಟ್ಟೆಗೆ ಕಚ್ಚುವ ಸೆಟ್ಸಿ ನೊಣ ಮುತ್ತುತ್ತದೆ, ಅವೆರಡೂ ಬೇಡ.

ನನ್ನ ಮಾತು ಕೇಳುವುದಾದರೆ ಏಳು ರಾತ್ರಿಯನ್ನು ಐದು, ಎರಡು ಎಂದು ಒಡೆಯಿರಿ. ಮೊದಲ ಐದು ಪಾರ್ಕಿನೊಳಗಿನ ಸಾದಾ ಟೆಂಟು. ಉಳಿಸಿದ ಹಣದಲ್ಲಿ ಗಾಡಿ ನಿಮ್ಮಿಬ್ಬರಿಗೇ. ಆಗ ಸಿಂಹಿಣಿಯ ಮುಂದೆ ಎರಡು ತಾಸು ಕೂತರೂ ಕೇಳುವವರಿಲ್ಲ. ಕೊನೆಯ ಎರಡು ಕನ್ಸರ್ವೆನ್ಸಿಯಲ್ಲಿ. ಇದನ್ನು ಹಿಂದುಮುಂದು ಮಾಡಬೇಡಿ, ಬಿಸಿನೀರಿನ ಸ್ನಾನ ಆದ ಮೇಲೆ ಡೇರೆಗೆ ಹೋಗುವುದು ಕಷ್ಟ. ನಡುವೆ ಸಣ್ಣ ವಿಮಾನ ಹತ್ತುವುದಿದ್ದರೆ ಸಾಮಾನ್ಯವಾಗಿ 15 ಕಿಲೋ ಮಾತ್ರ, ಅದೂ ಮೆತ್ತನೆಯ ಚೀಲದಲ್ಲಿ. ಗಟ್ಟಿ ಸೂಟ್‌ಕೇಸನ್ನು ಏರ್‌ಸ್ಟ್ರಿಪ್ಪಿನಲ್ಲೇ ಬಿಡಬೇಕಾದೀತು. ದುರ್ಬೀನು 8x42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವುದು) ಸಾಕು, ಆದರೆ ತಲೆಗೊಂದು. ಒಂದೇ ಇದ್ದರೆ ಗಂಡ ಹೆಂಡತಿ ನಡುವೆ ಜಗಳ ಖಚಿತ.

ಎರಡೂ ಕಂಪನಿಗಳಿಗೆ ಇವತ್ತೇ ಬರೆ: ಯಾವ ಗೇಟು, ಎಷ್ಟು ಗಂಟೆಗೆ, ಗಾಡಿಯಲ್ಲಿ ಗರಿಷ್ಠ ಎಷ್ಟು ಜನ, ಕಿಲೋಮೀಟರ್ ಮಿತಿ ಇದೆಯೇ, ಗಾಡಿ ಕೆಟ್ಟರೆ ಬದಲಿ ಎಷ್ಟು ಹೊತ್ತಿಗೆ, ಯಾವ ಯಾವ ಶುಲ್ಕ ಸೇರಿದೆ. ಉತ್ತರ ಬಂದ ಮೇಲೆ ನನಗೆ ಕಳಿಸು, ಅಲ್ಲಿಯವರೆಗೆ ಅಡ್ವಾನ್ಸ್ ಕಟ್ಟಬೇಡ.

ಇತಿ,
ನಿನ್ನ ದೊಡ್ಡಪ್ಪ